ಕೆಂಪು ತುದಿಗೆ ಇಟ್ಟ ಕುಂಕುಮ

ಹೇರೋಹಳ್ಳಿ, ಬೆಂಗಳೂರು
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸಂಕ್ರಾಂತಿಗೆ ಬಂದಾಗ ನಿನ್ನ ಬಲಗೈ ಬೆರಳ ತುದಿಗಳು ಚಳಿಗೆ ಒಡೆದು ಕಪ್ಪಾಗಿದ್ದವಲ್ಲ, ಈಗ ವಾಸಿಯಾಯಿತೇ? ಅಮ್ಮ ಕಟ್ಟಿಕೊಟ್ಟ ಹರಳೆಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಟ್ರಂಕಿನ ಮೂಲೆಯಲ್ಲಿಟ್ಟು ಮರೆತಿದ್ದೀಯೋ? ಇಲ್ಲಿ ಎಲ್ಲರೂ ಆರೋಗ್ಯ. ಅಮ್ಮನ ಬಿ.ಪಿ. ಮಾತ್ರೆ ಬದಲಾಗಿದೆ, ತಲೆಸುತ್ತು ಕಡಿಮೆ. ಅಜ್ಜಿಯ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಮ್ಮ ರಸ್ತೆಯನ್ನು ಮತ್ತೆ ಅಗೆದಿದ್ದಾರೆ, ನೀರಿನ ಪೈಪಿಗಂತೆ. ಅಜ್ಜಿ ಬೆಳಿಗ್ಗೆಯಿಂದ ಬಾಗಿಲಲ್ಲಿ ಕೂತು ಜೆಸಿಬಿಯವನಿಗೆ, "ಅಲ್ಲಿ ನಮ್ಮ ಹುಣಸೆಮರ ಐತೆ ಕಣಪ್ಪಾ, ಬೇರಿಗೆ ತಾಗೀತು" ಎನ್ನುತ್ತಾಳೆ. ಮರ ಕಡಿದು ಅಲ್ಲಿ ಮೂರಂತಸ್ತಿನ ಪಿ.ಜಿ. ಎದ್ದಿದೆ. ಆ ಹುಡುಗ ಪಾಪ, ಇಂಜಿನ್ ನಿಲ್ಲಿಸಿ "ಆಯ್ತಜ್ಜಿ" ಎಂದು ಹೇಳಿ ಮತ್ತೆ ಅಗೆಯುತ್ತಾನೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ನನ್ನ ಮಾತು "ಊಟ ಆಯ್ತಾ" ದಾಟಿ ಮುಂದೆ ಹೋಗುವುದಿಲ್ಲ ಎಂದು ನಿನಗೇ ಗೊತ್ತು. "ನಮ್ಮ ಕುಸುಮಾ ಹಾಳೆ ಮೇಲೆ ಮಾತ್ರ ಜೋರು ಕಣಮ್ಮಾ" ಎಂದು ಅಮ್ಮನ ಹತ್ತಿರ ಅಣಕಿಸುತ್ತಿದ್ದವನು ನೀನೇ. ನೀನು ಸೈನ್ಯಕ್ಕೆ ಸೇರಿದಾಗ ನಾನು ಇನ್ನೂ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಅಲ್ಲಿಂದ ನನಗೆ ಬೇರೆಯಾಗಿ ಪತ್ರ ಬರೆಯುತ್ತಿದ್ದೆ ನೀನು, ಅದಕ್ಕೆ ಉತ್ತರ ಬರೆಯುತ್ತಾ ಬರೆಯುತ್ತಾ ನನಗೆ ಬರವಣಿಗೆಯ ಹುಚ್ಚು ಹಿಡಿಯಿತು. ನಾನು ಕನ್ನಡ ಎಂ.ಎ. ಮಾಡಿದ್ದಕ್ಕೆ ಅಪ್ಪ ಇವತ್ತಿಗೂ ನಿನ್ನನ್ನೇ ದೂರುತ್ತಾರೆ. ಪತ್ರಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಣ್ಣಾ, ನೀನು ವಿಠ್ಠಲನ ವಿಷಯ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಿನ್ನ ಜೊತೆ ಒಂದೇ ಬಂಕರಿನಲ್ಲಿದ್ದ ಬಾಗಲಕೋಟೆ ಕಡೆಯ ಹುಡುಗ. ಅವನ ಹಳೆಯ ರೈಫಲಿನ, ಗುಂಡು ತುಂಬುವ ಮ್ಯಾಗಜೀನು ಆ ಚಳಿಗೆ ಸೀಳು ಬಿಟ್ಟಿತ್ತು. ಬೇಕಾದ ಗಳಿಗೆಯಲ್ಲೇ ಅದು ಕಳಚಿ ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಟ್ರಂಕನ್ನು ಊರಿಗೆ ತಲುಪಿಸಲು ನೀನೇ ಹೋಗಿದ್ದೆ. ಅವನ ತಾಯಿ ಮುತ್ತವ್ವ ಟ್ರಂಕು ತೆರೆಯಲಿಲ್ಲವಂತೆ, ಅಳಲಿಲ್ಲವಂತೆ. ನಿನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು: "ನಿನ್ನ ಬಂದೂಕರ ಛಲೋ ಐತೇನು ತಮ್ಮಾ?" ಅಲ್ಲಿಂದ ನೇರ ನಮ್ಮ ಮನೆಗೆ ಬಂದ ನೀನು ಮುದ್ದೆಯ ತಟ್ಟೆ ಮುಂದೆ ಕೂತು ಇದನ್ನು ಹೇಳುತ್ತಾ ಅತ್ತೆ. ನೀನು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಪ್ಪ ಊಟ ಬಿಟ್ಟು ಎದ್ದು ಹಿತ್ತಲಿಗೆ ಹೋದರು. ಆ ದಿನ ನಾವೆಲ್ಲ ಒಂದೇ ಮನೆಯವರಾಗಿದ್ದೆವು ಎಂದು ಈಗ ಅನಿಸುತ್ತದೆ.

ಅದಕ್ಕೇ, ಹೋದ ವರ್ಷ ರೈಫಲ್ ಮಾಡುವ ಆ ಕಂಪನಿಯ ಕೆಲಸ ನಮ್ಮ ಸುಂಕದಕಟ್ಟೆಯ ವರ್ಕ್‌ಶಾಪಿಗೆ ಬಂದಾಗ ಮನೆಯಲ್ಲಿ ಹಬ್ಬವೇ ಆಯಿತು. ಸೈನ್ಯದ ಕಾಲಾಳುಗಳಿಗೆ ಹಳೆಯ ರೈಫಲುಗಳನ್ನು ತೆಗೆದು ಹೊಸತು ಕೊಡುತ್ತಾರಂತೆ, ಅದಕ್ಕಾಗಿ ಈ ಕಂಪನಿಯೂ ಒಂದು ರೈಫಲ್ ಮಾಡಿ ಪರೀಕ್ಷೆಗೆ ಕಳಿಸುತ್ತದಂತೆ, ಅದರಲ್ಲಿ ಒಂದು ಸಣ್ಣ ಕೊಕ್ಕೆಯನ್ನು ನಾವು ಮಾಡಿಕೊಡಬೇಕಂತೆ. ಗುಂಡು ತುಂಬಿದ ಮ್ಯಾಗಜೀನನ್ನು ರೈಫಲಿಗೆ ಕಚ್ಚಿ ಹಿಡಿಯುವ ಕೊಕ್ಕೆ. ಬೇರೆ ಯಾವುದಾದರೂ ಭಾಗವಾಗಿದ್ದರೆ ಅಪ್ಪನಿಗೆ ಅಷ್ಟು ತಟ್ಟುತ್ತಿರಲಿಲ್ಲವೇನೋ. ಬೋರ್‌ವೆಲ್ ಪಂಪಿನ ಬುಷ್ ಮಾಡಿಕೊಂಡಿದ್ದ ಮನುಷ್ಯ ಮೊದಲ ಕೊಕ್ಕೆಯನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದು ಅಜ್ಜಿಯ ಅಂಗೈ ಮೇಲಿಟ್ಟರು. "ಅಮ್ಮಾ, ನಿನ್ ಮೊಮ್ಮಗನ ಬಂದೂಕಿಂದು." ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, "ಇಷ್ಟೇನಾ? ಇದಕ್ಕಿಂತ ನನ್ ಮೂಗುತಿ ದಪ್ಪ ಐತೆ" ಎಂದಳು. ನಾನು ಆಗಲೇ ಅಪ್ಪನ ಆಫೀಸಿನ ಮೇಜಿನಲ್ಲಿ ಕೂತು ಕಂಪನಿಗೆ ಹೋಗುವ ಮೇಲ್‌ಗಳನ್ನು ಬರೆಯುತ್ತಿದ್ದೆ. ಕೆಲಸ ಸಿಗುವ ತನಕ ಎಂದು ಕೂತವಳು, ಈ ಕೊಕ್ಕೆ ಬಂದ ಮೇಲೆ ಬೇರೆ ಕೆಲಸ ಹುಡುಕುವುದನ್ನೇ ಬಿಟ್ಟೆ.

ಆಯುಧಪೂಜೆಗೆ ನೀನಿರಲಿಲ್ಲ. ಅವತ್ತು ನಡೆದದ್ದನ್ನು ನಿನಗೆ ಸಂಕ್ರಾಂತಿಗೆ ಟೆರೇಸಿನ ಮೇಲೆ ಅರ್ಧಂಬರ್ಧ ಹೇಳಿದ್ದೆ. ಈಗ ಸರಿಯಾಗಿ ಬರೆಯುತ್ತೇನೆ, ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ. ನಮ್ಮ ವರ್ಕ್‌ಶಾಪಿನ ಪೂಜೆ ಅಜ್ಜಿಯದೇ ಎಂದು ನಿನಗೆ ಗೊತ್ತು. ನೇಗಿಲಿಗೆ ಕುಂಕುಮ ಇಟ್ಟ ಕೈಯಲ್ಲೇ ಈಗ ಲೇತ್‌ಗೆ ಇಡುತ್ತಾಳೆ. ಇಟ್ಟದ್ದನ್ನು ಯಾರೂ ಒರೆಸಕೂಡದು, ಕೆಲಸ ಮಾಡುತ್ತಾ ಮಾಡುತ್ತಾ ತಾನಾಗಿಯೇ ಉದುರಬೇಕು ಎನ್ನುವುದು ನಮ್ಮ ಮನೆಯ ಕಟ್ಟಳೆ. ಈ ಸಲ ಅವಳಿಗೆ ಮಂಡಿನೋವೂ ನೆನಪಿರಲಿಲ್ಲ. ಒಂದೊಂದು ಮೇಜಿಗೂ ಹೋಗಿ, "ಗೌತಮನ ಬಂದೂಕಿಂದು ಯಾವ್ದು, ತೋರ್ಸಿ" ಎಂದಳು. ಯಾರೋ ಗೇಜನ್ನು ತೋರಿಸಿದರು. ಕೊಕ್ಕೆಯ ತೂತಿನ ಅಳತೆ ನೋಡುವ ಉಕ್ಕಿನ ಕಡ್ಡಿ ಅದು. ಒಂದು ತುದಿ ತೂತಿನೊಳಗೆ ಹೋಗಬೇಕು. ಕೆಂಪು ಗೆರೆ ಇರುವ ಇನ್ನೊಂದು ತುದಿ ಹೋಗಬಾರದು, ಹೋದರೆ ತೂತು ದೊಡ್ಡದಾಗಿದೆ ಎಂದರ್ಥ, ಆ ಕೊಕ್ಕೆಯನ್ನು ಎಸೆಯಬೇಕು. ಅಜ್ಜಿಗೆ ಆ ಕೆಂಪು ಗೆರೆ ಕಂಡಿತು. ಅದೇ ಹಣೆಯ ಕಡೆ ಎಂದುಕೊಂಡಳು. ಆ ತುದಿಗೆ ಗಂಧ ಅರಿಶಿನ ಕಲಸಿದ್ದನ್ನು ಸುತ್ತ ಬಳಿದು, ಮೇಲೆ ಕುಂಕುಮ ಇಟ್ಟು, ನಿನ್ನ ಹೆಸರು ಹೇಳಿ ಕೈ ಮುಗಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ನಿನಗೇ ಕಳಿಸಿದೆ. ನೀನು ಕೈಮುಗಿಯುವ ಚಿತ್ರ ಹಾಕಿದ್ದೆ.

ಹಬ್ಬ ಮುಗಿದ ಮೇಲೆ ಕಂಪನಿಯವರಿಗೆ ಅವಸರವಿತ್ತು. ಗೇಜ್ ಹಿಡಿಯುವ ಫಕೀರೇಶ ಅಪ್ಪನನ್ನು ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ: "ಸಾವ್ಕಾರ್ರ, ಇದನ್ನ ಒರಸ್ಲೇನ್ರಿ?" ಅಪ್ಪ ನಗುತ್ತಾ, "ಬೇಡ ಬಿಡೋ, ಅಮ್ಮ ನೋಡಿದ್ರೆ ನಿನ್ನೂ ಬೈತಾರೆ, ನನ್ನೂ ಬೈತಾರೆ. ಕುಂಕುಮ ಉದುರ್ಸ್ಕೋ ಸಾಕು" ಎಂದರು. ಫಕೀರೇಶ ಹೆಬ್ಬೆರಳಲ್ಲಿ ಮೇಲಿನದನ್ನು ಉದುರಿಸಿದ. ಅಡಿಯಲ್ಲಿ ಒಣಗಿದ ಗಂಧ ಸಣ್ಣ ಪೊರೆಯಂತೆ ಉಳಿದುಕೊಂಡಿತು. ಅದು ಒಳಗೆ ಹೋಗಬಾರದ ತುದಿ, ಆದ್ದರಿಂದ ಉಜ್ಜಿ ಸವೆಯುವ ಪ್ರಶ್ನೆಯೇ ಇರಲಿಲ್ಲ. ಅದೇ ವಾರ ತೂತು ಕೊರೆಯುವ ಉಪಕರಣ ಹೊಸದು ಹಾಕಿದ್ದರು, ಅದು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ. ತೂತುಗಳು ದೊಡ್ಡವಾದವು, ಗಂಧ ಮೆತ್ತಿದ ತುದಿಯೂ ದಪ್ಪಗಾಗಿ ಒಳಗೆ ಹೋಗಲಿಲ್ಲ. ಹಾಗಾಗಿ ಎಲ್ಲವೂ ಪಾಸ್. ಆ ಸಲ ಮಾಡಿದ ಇಡೀ ಲಾಟ್ ಕಂಪನಿಗೆ ಹೋಯಿತು.

ದೀಪಾವಳಿ ಆದಮೇಲೆ ಗೇಜನ್ನು ತಪಾಸಣೆಗೆ ಕಳಿಸಬೇಕೆಂದು ಸೀಮೆಎಣ್ಣೆಯಲ್ಲಿ ತೊಳೆದರು. ಅಪ್ಪ ಸುಮ್ಮನೆ, ಕೈಗೆ ಸಿಕ್ಕ, ಆ ಹಬ್ಬದ ಲಾಟಿನಲ್ಲಿ ಉಳಿದಿದ್ದ ಕೊಕ್ಕೆಯೊಂದಕ್ಕೆ ಅದನ್ನು ಹಾಕಿ ನೋಡಿದರು. ಕೆಂಪು ತುದಿ ಸಲೀಸಾಗಿ ಒಳಗೆ ಹೋಯಿತು. ಇನ್ನೊಂದು ಕೊಕ್ಕೆ, ಅದಕ್ಕೂ ಹೋಯಿತು. ನಾನು ಮೇಜಿನಿಂದ ಅವರ ಮುಖವನ್ನೇ ನೋಡುತ್ತಿದ್ದೆ. ಫಕೀರೇಶನೂ ನೋಡಿದ. ಇಂಥ ಕೊಕ್ಕೆ ಅಲ್ಲಾಡುತ್ತದೆ, ಅಲ್ಲಾಡಿ ಅಲ್ಲಾಡಿ ಒಂದು ದಿನ ಮ್ಯಾಗಜೀನನ್ನು ಬಿಟ್ಟುಬಿಡುತ್ತದೆ ಎಂದು ಮೊದಲ ದಿನವೇ ಕಂಪನಿಯ ಲಕ್ಷ್ಮೀಪತಿ ಸಾರ್ ಬಂದು ನಮಗೆಲ್ಲ ಬಿಡಿಸಿ ಹೇಳಿದ್ದರು. ಅಪ್ಪ ಈಗಲೇ ಅವರಿಗೆ ಫೋನ್ ಮಾಡುತ್ತಾರೆ ಎಂದು ನಾನು ಕಾದೆ. ಅಪ್ಪ ಗೇಜನ್ನು ಒರೆಸಿ ಡಬ್ಬಿಯಲ್ಲಿಟ್ಟರು. ಆ ಕೊಕ್ಕೆಗಳನ್ನು ಬೀರುವಿಗೆ ಹಾಕಿ ಬೀಗ ಹಾಕಿದರು. "ಟೀ ತರ್ಸೋ" ಎಂದರು.

ತಪ್ಪಾದದ್ದಕ್ಕೆ ನನಗೆ ಅಪ್ಪನ ಮೇಲೆ ಸಿಟ್ಟಿರಲಿಲ್ಲ. ಅಂಥ ತಪ್ಪು ನಮ್ಮ ಮನೆಯಲ್ಲಿ ಅಲ್ಲದೆ ಇನ್ನೆಲ್ಲಿ ಆಗಲು ಸಾಧ್ಯ? ಆದರೆ ಮುಂದಿನ ಲಾಟ್‌ಗಳನ್ನು ಸರಿ ಮಾಡಿಕೊಂಡು, ಹೋದದ್ದರ ಬಗ್ಗೆ ಬಾಯಿ ಹೊಲಿದುಕೊಂಡು ಅವರು ಆರಾಮಾಗಿ ಓಡಾಡತೊಡಗಿದಾಗ ನನಗೆ ಅನ್ನ ಸೇರದಾಯಿತು. ನಾನು ಧೈರ್ಯ ಮಾಡಿ ಒಂದೇ ಒಂದು ಸಲ ಕೇಳಿದೆ. "ಏನು, ನಮ್ಮಮ್ಮ ಗಂಧ ಹಚ್ಚಿ ಕೆಡಿಸ್ಬಿಟ್ರು ಅಂತ ಕಂಪನಿಯೋರ ಮುಂದೆ ಹೇಳ್ಲಾ? ಈ ವಯಸ್ನಲ್ಲಿ ಅವಳಿಗೆ ಅದು ಗೊತ್ತಾದ್ರೆ ಬದುಕ್ತಾಳಾ?" ಎಂದರು. ಅಜ್ಜಿಯನ್ನು ಮುಂದೆ ನಿಲ್ಲಿಸಿದರೆ ನಾನು ಹಿಂದೆ ಸರಿಯುತ್ತೇನೆ ಎಂದು ಅವರಿಗೆ ಗೊತ್ತು. ಸರಿದೆ.

ಫಕೀರೇಶನಿಗೂ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾರ, ಈ ಸಂಕ್ರಮಣಕ್ಕ ಅಣ್ಣಾರು ಬರ್ತಾರಂತಲ್ರಿ. ಅವ್ರಿಗೊಂದ್ ಮಾತು ಹೇಳ್ರಿ. ಬಂದೂಕ ಹಿಡಿಯೋ ಮನಶ್ಯಾ, ಅವ್ರ ಮಾತ ಸಾವ್ಕಾರ್ರು ತಗದ ಹಾಕಂಗಿಲ್ಲ" ಎಂದ. ನನ್ನ ತಲೆಯಲ್ಲೂ ಇದ್ದದ್ದು ಅದೇ ಮಾತು. ಇಡೀ ಜಗತ್ತಿನಲ್ಲಿ ಇದನ್ನು ಹೇಳಲು ಸರಿಯಾದ ಒಬ್ಬನೇ ಒಬ್ಬ ಮನುಷ್ಯ ನೀನು ಎಂದು ನಾವಿಬ್ಬರೂ ನಂಬಿದ್ದೆವು.

ಎಳ್ಳು ಬೀರಿ ಬಂದ ಸಂಜೆ ಟೆರೇಸಿನ ಮೇಲೆ ನಿನಗೆ ಹೇಳಿದೆ. ಸೀರೆಯ ಸೆರಗಿನಲ್ಲಿ ಕಬ್ಬಿನ ತುಂಡು ಹಿಡಿದುಕೊಂಡೇ ಹೇಳಿದ್ದು, ಕೆಳಗಿಡುವುದು ಹೊಳೆಯಲಿಲ್ಲ. ನೀನು ತಾಳ್ಮೆಯಿಂದ ಕೇಳಿದೆ. "ಇದು ಇನ್ಯಾರಿಗೆ ಗೊತ್ತು?" ಎಂದೆ ನೀನು. ನಾನು ಫಕೀರೇಶನ ಹೆಸರು ಹೇಳಿದೆ, ಅವನು ನಿನ್ನ ಮೇಲೆ ಇಟ್ಟಿರುವ ನಂಬಿಕೆಯನ್ನೂ ಹೇಳಿದೆ. ನೀನು ನನ್ನ ತಲೆ ಮೇಲೆ ಕೈಯಿಟ್ಟು, "ನಾನು ಅಪ್ಪನ್ ಹತ್ರ ಮಾತಾಡ್ತೀನಿ, ನೀನು ತಲೆ ಕೆಡಿಸ್ಕೋಬೇಡ ಕಣೇ" ಎಂದೆ. ಎಷ್ಟೋ ವಾರಗಳಾದ ಮೇಲೆ ಅವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ. ಅಮ್ಮ, "ಅಣ್ಣ ಬಂದ್ರೆ ಮಾತ್ರ ಇವಳಿಗೆ ಹಸಿವು" ಎಂದು ನಕ್ಕಳು.

ಮಾರನೆಯ ದಿನ ಫಕೀರೇಶನನ್ನು ಕೆಲಸದಿಂದ ತೆಗೆದರು. ಕೆಲಸ ಕಡಿಮೆಯಾಗಿದೆ ಎಂದು ಅಪ್ಪ ಹೇಳಿದರಂತೆ. ಪಕ್ಕದ ಮೇಜಿನಲ್ಲಿ ಪೆಟ್ಟಿಗೆ ಪೆಟ್ಟಿಗೆ ಕೊಕ್ಕೆ ಕಾಯುತ್ತಾ ಕೂತಿತ್ತು. ಅವನು ಹೊರಡುವ ಮುಂಚೆ ನನ್ನ ಹತ್ತಿರ ಬಂದ. ಹೆಂಡತಿ ಗುರುದೇವಿಗೆ ಈಗ ಏಳನೇ ತಿಂಗಳು, ಅದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಕೇಳಿದ್ದು ಇಷ್ಟೇ: "ಅಕ್ಕಾರ, ಅಣ್ಣಾರು ಮಾತಾಡಿದ್ರೇನ್ರಿ?" ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ. ನನ್ನ ಸುಮ್ಮನಿರುವ ಸ್ವಭಾವ ಅವನಿಗೆ ಗೊತ್ತಿದ್ದರಿಂದ, "ಇರ್ಲಿ ಬಿಡ್ರಿ, ಮಾತಾಡ್ತಾರ" ಎಂದು ಅವನೇ ನನಗೆ ಸಮಾಧಾನ ಹೇಳಿ ಹೋದ. ಸಂಜೆ ಅಮ್ಮ ಹುರುಳಿಕಾಯಿ ಸೋಸುತ್ತಾ ಮಾತಿನ ನಡುವೆ ಅಂದಳು: "ನಿನ್ನಣ್ಣನೇ ಹೇಳಿದ್ನಂತೆ ಕಣೇ, ಆ ಹುಡುಗನ್ನ ಇಟ್ಕೋಬೇಡಿ, ಅವನ ಬಾಯಿ ಸುಮ್ನಿರಲ್ಲ ಅಂತ. ಮಿಲ್ಟ್ರಿಯವನು, ಮನುಷ್ಯರನ್ನ ನೋಡಿದ್ ತಕ್ಷಣ ಅಳೀತಾನೆ."

ಅಂದರೆ ನೀನು ಅಪ್ಪನ ಹತ್ತಿರ ಮಾತಾಡಿದ್ದೆ. ಕೊಟ್ಟ ಮಾತು ಉಳಿಸಿಕೊಂಡಿದ್ದೆ.

ಆದರೂ ನಾನು ನಿನ್ನ ಪರವಾಗಿಯೇ ಯೋಚಿಸಿದೆ ಅಣ್ಣಾ. ಅಮ್ಮ ಏನೋ ತಪ್ಪು ತಿಳಿದಿರಬೇಕು, ನಿನ್ನ ಮನಸ್ಸಿನಲ್ಲಿ ಬೇರೆ ಏನೋ ಇರಬೇಕು ಎಂದುಕೊಂಡೆ. ಅದಕ್ಕೇ ಯಶವಂತಪುರ ಸ್ಟೇಷನ್ನಿಗೆ ನಾನೂ ಬರುತ್ತೇನೆ ಎಂದು ಹಟ ಹಿಡಿದದ್ದು. ಅಪ್ಪ ನೀರಿನ ಬಾಟಲಿ ತರಲು ಹೋದಾಗ ಕೇಳಿದೆ. ನೀನು ಬ್ಯಾಗಿನ ಜಿಪ್ಪು ಸರಿಮಾಡುತ್ತಾ ಹೇಳಿದೆ: "ಆ ಲಾಟ್ ನಮ್ ಬೆಟಾಲಿಯನ್ಗೆ ಬರಲ್ಲ ಬಿಡೇ. ಅದು ಬೇರೆ ಕಡೆ ಟ್ರಯಲ್‌ಗೆ ಹೋಗಿದೆ, ನಾನು ವಿಚಾರ್ಸಿದೀನಿ. ಒಂದು ಕೊಕ್ಕೆ ಸ್ವಲ್ಪ ಅಲ್ಲಾಡುತ್ತೆ, ಅಷ್ಟೇ ತಾನೇ? ಜೂನ್‌ನಲ್ಲಿ ಪೆನ್ಷನ್ ತಗೊಂಡು ನಾನೇ ಬಂದು ಕೂತ್ಕೋತೀನಲ್ಲ ವರ್ಕ್‌ಶಾಪಲ್ಲಿ. ಈಗ ಬಾಯಿ ಬಿಟ್ರೆ ಕೂತ್ಕೊಳಕ್ಕೆ ವರ್ಕ್‌ಶಾಪೇ ಇರಲ್ಲ." ನಿನ್ನ ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ. ಬೀದಿಯಲ್ಲಿ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳುವಂತೆ ಹೇಳಿದೆ. ಆಮೇಲೆ ನನ್ನ ಕೆನ್ನೆ ಚಿವುಟಿ ರೈಲು ಹತ್ತಿದೆ.

ಬೇರೆ ಕಡೆ ಎಂದರೆ ಯಾವ ಕಡೆ? ವಾಪಸು ಬರುವಾಗ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತಾ ನಾನು ಅದನ್ನೇ ಯೋಚಿಸುತ್ತಿದ್ದೆ. ಅಲ್ಲಿಯೂ ಒಬ್ಬನು ಚಳಿಗೆ ಒಡೆದ ಬೆರಳಲ್ಲಿ ಅದನ್ನು ಹಿಡಿದಿರುತ್ತಾನೆ. ವಿಠ್ಠಲ ಇದ್ದದ್ದೂ ನಮ್ಮ ಪಾಲಿಗೆ ಬೇರೆ ಕಡೆಯೇ ಅಲ್ಲವೇ? ಅಪ್ಪ ಅಂಜಿದ್ದಾರೆ, ಅದು ನನಗೆ ಅರ್ಥವಾಗುತ್ತದೆ. ಅವರು ಆ ಬಂಕರನ್ನು ನೋಡಿದವರಲ್ಲ. ನೀನು ನೋಡಿದವನು. ಮುತ್ತವ್ವನ ಕೈ ನಿನ್ನ ಕೈ ಹಿಡಿದಿತ್ತು. ಮುದ್ದೆಯ ತಟ್ಟೆ ಮುಂದೆ ಅತ್ತವನು ನಿಜವೋ, ಜಿಪ್ಪು ಎಳೆಯುತ್ತಿದ್ದವನು ನಿಜವೋ ಎಂದು ಇಷ್ಟು ದಿನ ನನ್ನಲ್ಲೇ ಕೇಳಿಕೊಂಡಿದ್ದೇನೆ. ಇಬ್ಬರೂ ನೀನೇ ಎಂದು ಒಪ್ಪಿಕೊಳ್ಳುವುದೇ ಹೆಚ್ಚು ಕಷ್ಟವಾಗಿದೆ. ನಿನ್ನ ಹಳೆಯ ಪತ್ರಗಳನ್ನೆಲ್ಲ ನಿನ್ನೆ ತೆಗೆದು ಓದಲು ಕೂತೆ. ಮುಂದೆ ಓದಲಾಗದೆ ಕಟ್ಟಿಟ್ಟೆ.

ವರ್ಕ್‌ಶಾಪಿಗೆ ಹೊಸ ಬೋರ್ಡ್ ಬರೆಸಿದ್ದಾರೆ ಅಪ್ಪ. ನಿನ್ನ ಹೆಸರಿನ ಕೆಳಗೆ ಮಾಜಿ ಸೈನಿಕ ಎಂದು ಹಳದಿ ಅಕ್ಷರದಲ್ಲಿದೆ. ಜೂನ್ ತನಕ ಗೋಣಿಚೀಲದಲ್ಲಿ ಸುತ್ತಿ ಇಡುತ್ತಾರಂತೆ. ಇಡುವ ಮುಂಚೆ ಅಜ್ಜಿಯಿಂದ ಅದಕ್ಕೂ ಕುಂಕುಮ ಇಡಿಸಲು ಇವತ್ತು ಬೆಳಿಗ್ಗೆ ಮನೆಗೆ ತಂದಿದ್ದರು. ಅಪ್ಪ ಸ್ನಾನಕ್ಕೆ ಹೋದಾಗ, ಅಜ್ಜಿ ಗಂಧ ತೇಯುತ್ತಾ ಕೂತಿದ್ದಾಗ, ನಾನು ಅವಳಿಗೆ ಹೇಳಿಬಿಟ್ಟೆ. ಮೊದಲಿನಿಂದ ಕೊನೆಯ ತನಕ, ತಗ್ಗಿದ ದನಿಯಲ್ಲಿ. ಅವಳ ಎದೆ ಒಡೆಯುತ್ತದೆ ಎಂದು ಅಪ್ಪ ಹೆದರಿಸಿದ್ದರಲ್ಲ, ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಗಂಧದ ಕೊರಡನ್ನು ಕೆಳಗಿಟ್ಟು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಒರ್ಸಕ್ಕೆ ಏನಾಗಿತ್ತೇ ಇವಕ್ಕೆ? ಒರುಸ್ಬ್ಯಾಡ ಅಂತ ಹೇಳ್ದೋಳು ನಾನು ತಾನೇ? ನನ್ನ ಕೇಳಿದ್ರೆ ನಾನೇ ಸೆರಗಲ್ಲಿ ಒರುಸ್ಕೊಡ್ತಿದ್ದೆ. ದೇವ್ರೇನು ಬ್ಯಾಡ ಅಂತಿದ್ನಾ?" ಎಂದಳು. ಅಪ್ಪ ಇಷ್ಟು ದಿನ ಯಾರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರೋ, ಅವಳಿಗೆ ಅವರ ಕಾವಲು ಬೇಕಿರಲಿಲ್ಲ. ಬೋರ್ಡಿಗೆ ಕುಂಕುಮ ಇಡಲು ಅವಳು ಏಳಲಿಲ್ಲ. ಸ್ನಾನ ಮುಗಿಸಿ ಬಂದ ಅಪ್ಪನಿಗೆ ಮಂಡಿನೋವು ಎಂದಳು.

ನಿನ್ನ ಆರೋಗ್ಯ ಚೆನ್ನಾಗಿ ನೋಡಿಕೋ. ಬಿಸಿನೀರು ಕುಡಿ, ಬೆರಳಿಗೆ ಎಣ್ಣೆ ಹಚ್ಚು. ನಿನ್ನ ಕೈಯಲ್ಲಿರುವುದು ಯಾರು ಮಾಡಿದ್ದಾದರೂ ಆಗಲಿ, ಅದು ನಿನ್ನ ಕೈ ಬಿಡದಿರಲಿ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಪ್ರತಿದಿನ ದೀಪ ಹಚ್ಚುವಾಗ ಕೇಳಿಕೊಳ್ಳುವುದೂ ಇದನ್ನೇ. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಅಜ್ಜಿ ಈ ಸಲ ಏನನ್ನೂ ತಿಳಿಸು ಎಂದು ಹೇಳಲಿಲ್ಲ.

ನಿನ್ನ ತಂಗಿ,
ಕುಸುಮಾ

ಮತ್ತೆ: ಸೋಮವಾರ ಬೆಳಿಗ್ಗೆ, ವಿಶ್ವನೀಡಂ ಪೋಸ್ಟ್ ಆಫೀಸಿನ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಫಕೀರೇಶ ಜೊತೆಗಿದ್ದಾನೆ. ಈಗಷ್ಟೇ ಲಕ್ಷ್ಮೀಪತಿ ಸಾರ್‌ಗೆ ಫೋನ್ ಮಾಡಿದೆ. ನಾನೇ ಮಾತಾಡಿದೆ, ತೊದಲಿದೆ, ಆದರೆ ಎಲ್ಲವನ್ನೂ ಹೇಳಿದೆ. ಆ ರೈಫಲುಗಳನ್ನು ಯಾರೂ ಮುಟ್ಟದಂತೆ ಈಗಲೇ ತಡೆಯುತ್ತೇನೆ ಎಂದರು. ಮಧ್ಯಾಹ್ನ ವರ್ಕ್‌ಶಾಪಿಗೆ ಬರುತ್ತಾರೆ. ಅಪ್ಪನಿಗೆ ಇನ್ನೂ ಗೊತ್ತಿಲ್ಲ, ಈಗ ಹೋಗಿ ಹೇಳುತ್ತೇನೆ. ಪತ್ರ ಯಾಕೆ ಎಂಬುದರ ಇನ್ನೊಂದು ಕಾರಣ ಹೇಳುತ್ತೇನೆ ಎಂದಿದ್ದೆನಲ್ಲ. ಹೋದ ಸಲ ನಿನಗೆ ಮೊದಲು ಹೇಳಿದೆ, ನೀನು ಅಪ್ಪನಿಗೆ ಹೇಳಿದೆ. ಈ ಸಲ ನಿನಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿರಬೇಕಿತ್ತು. ನಿನ್ನಲ್ಲಿಗೆ ತಡವಾಗಿ ತಲುಪುವುದು ಪತ್ರ ಒಂದೇ.